ಒಂಬತ್ತನೆಯ ಹೆಜ್ಜೆ

ಕೆರೆ ಕೋಡಿ ಬಿದ್ದಿದೆ ಎಂಬ ಸುದ್ದಿ ಸೋಮವಾರ ಬೆಳಿಗ್ಗೆ ಏಳಕ್ಕೆಲ್ಲ ನಮ್ಮ ಓಣಿಗೆ ಬಂತು. ನಾನು ಸಾಲಿಯ ಬಿಸಿಯೂಟದ ಅಡುಗೆಗೆ ಹೊರಡಬೇಕೆಂದು ಮಗಳ ತಲೆ ಬಾಚುತ್ತಿದ್ದೆ. ಯಾರೋ ಹಲಗಿ ಬಾರಿಸುತ್ತ ಹೋದರು. ಮೂರು ವರ್ಷದ ಮೇಲೆ ತುಂಬಿದ ಕೆರೆ. ಓಣಿಗೆ ಓಣಿಯೇ ಆ ಕಡೆ ಓಡಿತು. ದಾನೇಶ್ವರಿ ಒಂದು ಜಡೆ ಹೆಣೆದದ್ದು, ಒಂದು ಬಿಚ್ಚಿದ್ದು ಹಾಗೆಯೇ ನನ್ನ ಕೈ ತಪ್ಪಿಸಿಕೊಂಡು ಹೋದಳು. ಬಾಚಣಿಕೆ ಹಿಡಿದುಕೊಂಡು ನಾನು ಹೊಸ್ತಿಲಲ್ಲೇ ಕೂತೆ.

ಆ ನೀರಿನ ಕೆಳಗೆ ನಾನು ತೋಡಿಸಿದ ಒಂದು ಗುಂಡಿ ಇದೆ. ಎರಡಾಳು ಆಳ. ಅದು ಎಲ್ಲಿದೆ ಎಂದು ಊರಲ್ಲಿ ಬಲ್ಲವರು ಇಬ್ಬರೇ: ನಾನು, ಟ್ರ್ಯಾಕ್ಟರಿನ ಗಾಳೆಪ್ಪ.

ನಮ್ಮೂರು ಅಮೀನಗಡದ ಹೆದ್ದಾರಿ ಬಿಟ್ಟು ಆರು ಕಿಲೋಮೀಟರ ಒಳಗೆ. ನಮ್ಮ ಎರಡೂವರೆ ಎಕರೆ ಕೆರೆ ಕಾಲುವೆಯ ಕಟ್ಟಕಡೆಗಿದೆ. ಮಸಾರಿ ಕೆಂಪು ಮಣ್ಣು, ಕೆಳಗೆ ಗರಸು ಕಲ್ಲು. ಸರದಿಯ ನೀರು ಹದಿನೈದು ದಿನಕ್ಕೊಮ್ಮೆ ಬರುತ್ತದೆ, ಬಂದದ್ದು ಜರಡಿಗೆ ಹೊಯ್ದಂತೆ ಇಳಿದುಹೋಗುತ್ತದೆ. ಮೂರನೆಯ ದಿನಕ್ಕೆ ತೊಗರಿ ಎಲೆ ಮುದುಡುತ್ತದೆ. ಅದೇ ಹೊಲಕ್ಕೆ ಕೆರೆಯ ಹೂಳು ಒಂದು ಗೇಣು ಹಾಕಿ ಹರಗಿದರೆ ಹತ್ತು ದಿನ ಹಸಿ ಹಿಡಿಯುತ್ತದೆ. ಹೂಳು ಹಾಕಿದವರ ಹೊಲ ನೋಡಿಯೇ ನನಗೆ ಗೊತ್ತಿತ್ತು. ಹೊಲ ಬೆಳೆಯದ ಎರಡು ವರ್ಷ ನಾವು ಮೂವರೂ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ ತಗಡಿನ ಶೆಡ್ಡಿನಲ್ಲಿ ಇದ್ದೆವು. ದಾನೇಶ್ವರಿ ಸಾಲಿ ಬಿಟ್ಟು ಉಸುಕಿನ ಗುಂಪಿ ಕಾಯುತ್ತ ಕೂತಿರುತ್ತಿದ್ದಳು. ಈಗ ನನ್ನ ಗಂಡ ನಾಗಲಿಂಗ ಇಳಕಲ್ಲಿನಲ್ಲಿ ಮಗ್ಗದ ಕೂಲಿಗಿದ್ದಾರೆ, ರವಿವಾರ ಬರುತ್ತಾರೆ. ಹೊಲ ನನ್ನ ಪಾಲು. ಮತ್ತೆ ಆ ಶೆಡ್ಡಿಗೆ ಹೋಗಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಹೋದ ಬೇಸಿಗೆಯಲ್ಲಿ ಕೆರೆ ಒಣಗಿದಾಗ ಊರವರು ಹೂಳು ಹಂಚಿಕೊಂಡರು. ಹಂಚಿದವರು ಹೊಳಬಸಪ್ಪನವರು, ತೂಬಿನ ಕೀಲಿ, ನೀರಿನ ಸರದಿ ಎಲ್ಲ ಅವರ ಕೈಯಲ್ಲಿ. ಸುಣ್ಣದ ಪುಡಿಯಿಂದ ಗೆರೆ ಹಾಕಿ ಮನೆಗೊಂದು ತುಂಡು ತೋರಿಸಿದರು. ಮೊಳಕಾಲಿಗಿಂತ ಆಳ ತೋಡಬಾರದು ಎಂದರು. ಅಂಚು ಗೋಡೆಯಂತೆ ಕಡಿಯದೆ, ಬಿದ್ದ ದನ ತಾನೇ ಹತ್ತಿ ಬರುವಂತೆ ಇಳಿಜಾರು ಬಿಡಬೇಕು. ಗಂಗವ್ವನ ಕಲ್ಲಿನಿಂದ ಇಪ್ಪತ್ತು ಹೆಜ್ಜೆಯೊಳಗೆ ಸಲಿಕೆ ಹಚ್ಚಬಾರದು. ಇದನ್ನು ಮುರಿದವರಿಗೆ ಐದು ವರ್ಷ ಹೂಳೂ ಇಲ್ಲ, ಕೆರೆಯ ನೀರೂ ಇಲ್ಲ.

ಗಂಗವ್ವನ ಕಲ್ಲು ಎಂದರೆ ಏರಿಯ ಒಳಮಗ್ಗಲು, ಬುಡದಲ್ಲಿ ನೆಟ್ಟ ಗುಂಡುಕಲ್ಲು. ಕೆರೆ ತುಂಬಿದಾಗ ನೀರು ಬಂದು ಅದರ ಪಾದ ಮುಟ್ಟುತ್ತದೆ. ಕೋಡಿ ಬಿದ್ದ ವರ್ಷ ಐದು ಮಂದಿ ಮುತ್ತೈದೆಯರು ಅಲ್ಲಿ ಗಂಗವ್ವನಿಗೆ ಉಡಿ ತುಂಬುವುದು ನಮ್ಮೂರ ಪದ್ಧತಿ. ಕೈ ಕೈ ಹಿಡಿದು ಸಾಲಾಗಿ ನಿಂತು, ಕಲ್ಲಿಗೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ನೀರಿಗಿಳಿಯುತ್ತಾರೆ. ಗಂಗವ್ವನಿಗೆ ಬೆನ್ನು ತೋರಿಸಬಾರದು. ನಡುವಿನಾಕೆಯ ತಲೆಯ ಮೇಲೆ ಉಡಿಯ ಮೊರ ಇರುತ್ತದೆ. ನೀರು ಆಕೆಯ ಸೊಂಟ ಮುಟ್ಟಿದ ಕೂಡಲೇ ನಿಂತು ಮೊರ ತೇಲಿಬಿಡುತ್ತಾರೆ. ಏರಿಯ ಮೇಲಿನ ಮಂದಿ ಹೆಜ್ಜೆ ಎಣಿಸುತ್ತದೆ. ಹೆಜ್ಜೆ ಕಡಿಮೆಯಾದಷ್ಟು ಕೆರೆಯಲ್ಲಿ ನೀರು ಹೆಚ್ಚು. ಐದಾದರೆ ಹಿಂಗಾರಿಗೆ ಕಟ್ಟಕಡೆಯ ಹೊಲಕ್ಕೂ ನೀರು, ಆರಾದರೆ ನಡುವಿನ ತನಕ, ಏಳಾದರೆ ಏರಿಯ ಹತ್ತಿರದವರಿಗಷ್ಟೇ. ಆ ಎಣಿಕೆಯ ಮೇಲೆಯೇ ಹೊಳಬಸಪ್ಪನವರು ಜೋಳ ಎಷ್ಟು, ಕಡ್ಲಿ ಎಷ್ಟು ಎಂದು ಗೊತ್ತುಮಾಡುತ್ತಾರೆ.

ನನ್ನ ಪಾಲಿಗೆ ಬಂದ ತುಂಡಿನಲ್ಲಿ ಒಂದು ಗೇಣು ತೆಗೆಯುವುದರೊಳಗೆ ಗರಸು ಹತ್ತಿತು. ಎರಡು ಟ್ರಾಲಿಗೆ ಮುಗಿಯಿತು. ಕಲ್ಲಿನ ಮುಂದಿನ ಮಣ್ಣಾದರೋ ಯಾರೂ ಮುಟ್ಟದೆ ತಲೆಮಾರುಗಟ್ಟಲೆ ಕೂತ ಹೂಳು. ಬೆಣ್ಣೆಯಂತೆ ಇತ್ತು. ಹೂಳು ಎತ್ತುವ ಕಡೆಯ ದಿನ ಊರಿನ ಮುಕ್ಕಾಲು ಮಂದಿ ಮಹಾಕೂಟದಲ್ಲಿ ಒಂದು ಮದುವೆಗೆ ಹೋಗಿತ್ತು. ಇಳಕಲ್ಲಿನಿಂದ ಬಂದ ಜೆಸಿಬಿ ಇನ್ನೂ ಕೆರೆಯಲ್ಲೇ ನಿಂತಿತ್ತು. ಅದರ ಡ್ರೈವರ ಜುಬೇರನಿಗೆ ನಮ್ಮೂರ ಕಟ್ಟಳೆ ಏನು ಗೊತ್ತು? ತೋರಿಸಿದಲ್ಲಿ ತೋಡಿದ. ಗಾಳೆಪ್ಪ ಹದಿನಾಲ್ಕು ಟ್ರಾಲಿ ನನ್ನ ಹೊಲಕ್ಕೆ ಹೊಡೆದ, ತನ್ನ ಹೊಲಕ್ಕೂ ನಾಲ್ಕು ಹಾಕಿಕೊಂಡ.

ಕಲ್ಲಿನಿಂದ ಎಂಟು ಹೆಜ್ಜೆ ನಾನೇ ಅಳೆದು ಬಿಟ್ಟಿದ್ದೆ. ಕೋಡಿ ಬೀಳದೆ ಉಡಿ ತುಂಬುವುದಿಲ್ಲ, ಬಿದ್ದರೆ ಆರು, ಹೆಚ್ಚೆಂದರೆ ಏಳು ಹೆಜ್ಜೆ. ಒಂಬತ್ತನೆಯ ಹೆಜ್ಜೆಯಲ್ಲಿ ಏನಿದ್ದರೆ ಯಾರಿಗೇನು ಎಂದುಕೊಂಡೆ. ಇಪ್ಪತ್ತು ಎನ್ನುವುದು ದೇವರ ಭಯಕ್ಕೆ ಹೇಳಿದ ಮಾತು ಎಂದೇ ನಂಬಿದ್ದೆ. ಅಂಚು ಗೋಡೆಯಂತೆ ನಿಂತಿತ್ತು. ಮರುದಿನ ಕಡಿದು ಇಳಿಜಾರು ಮಾಡುವುದೆಂದು ಗಾಳೆಪ್ಪನೂ ನಾನೂ ಮಾತಾಡಿಕೊಂಡಿದ್ದೆವು. ಆ ಸಂಜೆಯೇ ಬಿರುಮಳೆ ಬಿತ್ತು. ಬೆಳಗಾಗುವುದರೊಳಗೆ ಕೆರೆಯಲ್ಲಿ ಮೊಳಕಾಲುದ್ದ ಕೆಂಪು ನೀರು. ಗುಂಡಿ ಕಾಣಲಿಲ್ಲ. ಆವತ್ತಿನಿಂದ ಇವತ್ತಿನ ತನಕ ಅದನ್ನು ಯಾರೂ ಕಣ್ಣಿಂದ ಕಂಡಿಲ್ಲ.

ಸೋಮವಾರ ಅಡುಗೆ ಮಾಡುವಾಗ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮಂಗಳವಾರ ಸಾಲಿ ಬಿಟ್ಟು ಅರ್ಧ ತಾಸಾದರೂ ದಾನೇಶ್ವರಿ ಮನೆಗೆ ಬರಲಿಲ್ಲ. ಹುಡುಕುತ್ತ ಏರಿ ಹತ್ತಿದೆ. ಗಂಗವ್ವನ ಕಲ್ಲಿನ ಮುಂದೆ ಆರೇಳು ಹುಡುಗಿಯರು ನೀರಿನಲ್ಲಿದ್ದರು. ಉಡಿ ತುಂಬುವ ಆಟ ಆಡುತ್ತಿದ್ದರು. ತಲೆಯ ಮೇಲೆ ಬುಟ್ಟಿಯ ಮುಚ್ಚಳ ಇಟ್ಟುಕೊಂಡವಳು ಸುಗರಾ, ಹೂವಿನ ವ್ಯಾಪಾರದ ಜಾಫರಸಾಬರ ಮಗಳು, ನನ್ನ ಮಗಳಿಗಿಂತ ಒಂದು ಗೇಣು ಎತ್ತರ. ಹಿಂದೆ ಹಿಂದೆ ಹೆಜ್ಜೆ ಇಡುತ್ತ ಎಣಿಸುತ್ತಿದ್ದರು. ಆಟದಲ್ಲಿ ಸೊಂಟದ ಲೆಕ್ಕ ಇಲ್ಲ. ಹೆಚ್ಚು ಹೆಜ್ಜೆ ಹೋದವರು ಗೆದ್ದಂತೆ. ನಾನು ನೋಡುವಾಗ ಉಳಿದವರೆಲ್ಲ ನಿಂತಿದ್ದರು, ಸುಗರಾ ಮತ್ತು ದಾನೇಶ್ವರಿ ಇಬ್ಬರೇ ಕೈ ಹಿಡಿದುಕೊಂಡಿದ್ದರು. ನೀರು ನನ್ನ ಮಗಳ ಎದೆ ದಾಟಿತ್ತು. ದಂಡೆಯಿಂದ ಹುಡುಗಿಯರು ಆರು ಎಂದರು.

ಕೂಗಿದೆ. ಎಣಿಸುವ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಏರಿಯ ಕಲ್ಲುಗಳ ಮೇಲೆ ಹೇಗೆ ಇಳಿದೆನೋ ನೆನಪಿಲ್ಲ. ಸೀರೆ ಮೊಳಕಾಲಿಗೆ ಸುತ್ತಿಕೊಂಡು ಒಮ್ಮೆ ಬಿದ್ದು ಎದ್ದೆ. ಏಳು ಎನ್ನುವುದು ಕೇಳಿಸಿತು. ನೀರಿಗೆ ನುಗ್ಗಿ ಇಬ್ಬರ ರಟ್ಟೆ ಹಿಡಿದು ಎಳೆದೆ, ದಂಡೆಗೆ ಬಂದಮೇಲೂ ಬಿಡಲಿಲ್ಲ. ದಾನೇಶ್ವರಿಗೆ ಎರಡು ಏಟು ಬಿದ್ದವು. ಸುಗರಾ ಅಳುತ್ತ, ಅಕ್ಕಾರ ಬರೇ ಆಟಾರಿ, ಬರೇ ಆಟಾರಿ ಎನ್ನುತ್ತಿದ್ದಳು. ಅವಳ ತೋಳಿನಲ್ಲಿ ನನ್ನ ಐದು ಬೆರಳು ಮೂಡಿದ್ದವು.

ಮನೆಗೆ ಬಂದು ದಾನೇಶ್ವರಿ ಗೋಡೆಗೆ ಮುಖ ಮಾಡಿ ಕೂತಳು. ಅಲ್ಲಿಂದಲೇ, ನೀ ಎಳೀಲಿಲ್ಲ ಅಂದ್ರ ನಾನ ಗೆಲ್ಲತಿದ್ದೆ, ಸುಗರಾನ ಕಾಲ ನಡಗಾಕತ್ತಿದ್ದವು ಎಂದಳು. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಕೈಗೆ ಹತ್ತಲಿಲ್ಲ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅದರ ಬದಲು ಹೊತ್ತು ಮುಳುಗುವ ಮೊದಲು ನಾಲ್ಕು ಜಾಲಿ ಗೂಟ ಒಯ್ದು ಏಳನೆಯ ಹೆಜ್ಜೆಯ ಹತ್ತಿರ ನೀರಿನಲ್ಲಿ ನೆಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಗೂಟಗಳು ದಂಡೆಯ ಮೇಲೆ ಬಿದ್ದಿದ್ದವು. ಗಂಗವ್ವನ ಮಾರಿ ಮುಂದ ಮುಳ್ಳ ನೆಟ್ಟ ಪುಣ್ಯಾತ್ಮ ಯಾರವ್ವಾ ಎಂದು ನೀರಿಗೆ ಬಂದ ಹೆಂಗಸರು ಬೈದು ಕಿತ್ತು ಒಗೆದಿದ್ದರು. ಅವರ ಜೊತೆ ನಾನೂ ಬೈದೆ.

ಬುಧವಾರ ಗಾಳೆಪ್ಪನನ್ನು ಅವನ ಹೊಲದಲ್ಲೇ ಹಿಡಿದೆ. ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ಹುಡುಗಿಯರ ಸುದ್ದಿ ಹೇಳಿದೆ, ಹೊಳಬಸಪ್ಪನವರಿಗೆ ತಿಳಿಸೋಣ ಎಂದೆ. ಕೆಳಗಿನಿಂದಲೇ ಮಾತಾಡಿದ.

"ಅಕ್ಕಾ, ನೀ ಸುಮ್ನ ಹೆದರತಿ. ಕೋಡಿ ಮ್ಯಾಲ ನೀರ ಹರ್ಯಾಕತ್ತೇತಿ. ಆರಕ್ಕ ಸೊಂಟ ಮುಟ್ಟತೈತಿ. ಒಂಬತ್ತಕ್ಕ ಹೋಗಾಕ ಮೊರ ಹೊರೂ ಗುರುಸಿದ್ದವ್ವ ಏನ ಒಂಟಿ ಮ್ಯಾಲ ಕುಂತ ಹೊಂಟಾಳೇನು?"

ನನಗೂ ನಗು ಬಂತು, ಅದೇ ಬೇಸರ. ಅವನು ಹೊರಗೆ ಬಂದು ಕೈ ಒರೆಸಿಕೊಂಡ. ಮುಖದಲ್ಲಿ ನಗೆ ಇರಲಿಲ್ಲ. ನೀ ಹೇಳಿದಿ ಅಂದ್ರ ನಿನ್ನ ನೀರಷ್ಟ ಅಲ್ಲ, ನಂದೂ ಹೋಗತೈತಿ. ನನಗ ನಾಕು ಮಂದಿ ಮಕ್ಕಳದಾರ ಎಂದ. ಬ್ಯಾಸಗಿಗೆ ನೀರ ಇಳದ ಕೂಡ್ಲೆ ಇಬ್ಬರೂ ಕೂಡಿ ಮುಚ್ಚೋಣು ಎಂದ. ನನಗೆ ಬೇಕಾಗಿದ್ದದ್ದು ಇಂಥದೇ ಒಂದು ಮಾತು. ಅದನ್ನು ಗಂಟು ಕಟ್ಟಿಕೊಂಡು ಬಂದೆ.

ಅದೇ ಸಂಜೆ ಗುರುಸಿದ್ದವ್ವ ನಮ್ಮ ಮನೆಗೆ ಬಂದರು. ಹೊಳಬಸಪ್ಪನವರ ಹೆಂಡತಿ, ಎಪ್ಪತ್ತರ ಹತ್ತಿರ, ಗಿಡ್ಡ ಆಳು, ಬಾಯಿ ಮಾತ್ರ ಇಡೀ ಊರಿಗೆ ಸಾಲುವಷ್ಟು. ಕುಂಕುಮ ಹಚ್ಚಿ, ಈ ಸಲ ನಿಮ್ಮ ಓಣಿಯಿಂದ ಐವರೊಳಗ ನೀನು ಎಂದರು. ಶುಕ್ರವಾರ ಹತ್ತಕ್ಕ ಬಾ, ಹೊಟ್ಟಿ ತುಂಬ ಉಂಡು ಬರಬ್ಯಾಡ, ಹೋದ ಸಲ ಒಬ್ಬಾಕಿ ಉಂಡು ಬಂದು ನೀರಾಗ ತೇಗಿ ಗಂಗವ್ವನ ಎದುರ ನಮ್ಮ ಮರ್ಯಾದಿ ಕಳದಳು ಎಂದು ನಗಿಸಿದರು. ನಾನು ಹೂಂ ಎಂದೆ.

ಗುರುವಾರ ಮಧ್ಯಾಹ್ನ ಪಾತ್ರೆ ತೊಳೆಯುವಾಗ ಹಳ್ಳದ ಕಡೆಯಿಂದ ನೀರಿನ ಸಪ್ಪಳ ಕೇಳಿಸಿತು. ಕೋಡಿಯ ಸಪ್ಪಳ ಬೇರೆ, ಇದು ಬೇರೆ. ಸಾಲಿಯ ಮಾಸ್ತರರು ಹೇಳಿದರು: ಏರಿಯ ಹೊರಮಗ್ಗಲು ಒಂದು ಕಡೆ ಜಿನುಗುತ್ತಿದೆಯಂತೆ, ಭಾರ ತಗ್ಗಲೆಂದು ಹೊಳಬಸಪ್ಪನವರು ತೂಬು ಎತ್ತಿಸಿದ್ದಾರಂತೆ, ನಾಳೆ ಬೆಳಗಿನ ತನಕ ಬಿಡುತ್ತಾರಂತೆ. ಕೈಯಲ್ಲಿದ್ದ ಬೋಗಾಣಿ ಅಲ್ಲೇ ಬಿಟ್ಟು ಕೆರೆಗೆ ಹೋದೆ. ಕಲ್ಲಿನ ಪಾದದಿಂದ ನೀರು ಆಗಲೇ ಕೆಳಗಿಳಿದಿತ್ತು. ಕಲ್ಲಿಗೂ ನೀರಿಗೂ ನಡುವೆ ಹಸಿ ಮಣ್ಣಿನ ಪಟ್ಟಿ, ಅದರಲ್ಲಿ ಕೊಕ್ಕರೆಯ ಹೆಜ್ಜೆ.

ಆ ಇಳಿಜಾರು ನನಗೆ ಬಾಯಿಪಾಠ. ಒಂದು ಮೊಳ ನೀರು ಇಳಿದರೆ ಸೊಂಟಕ್ಕೆ ನೀರು ಸಿಗಲು ಮೂರು ಹೆಜ್ಜೆ ಹೆಚ್ಚು ಹೋಗಬೇಕು. ಆರಕ್ಕೆ ಮೂರು ಕೂಡಿಸಿದರೆ ಒಂಬತ್ತು. ರಾತ್ರಿಯೆಲ್ಲ ಅದನ್ನೇ ಕೂಡಿಸಿದೆ, ಬೇರೆ ಉತ್ತರ ಬರಲಿಲ್ಲ. ಐದೂ ಮಂದಿ ಸಾಲಾಗಿ, ಕೈ ಕೈ ಹಿಡಿದು, ಬೆನ್ನು ಹಾಕಿ ಅಲ್ಲಿಗೇ ಹೋಗುತ್ತಾರೆ. ಒಬ್ಬರು ಬಿದ್ದರೆ ಐವರೂ. ಯಾರಿಗೂ ಈಸು ಬರುವುದಿಲ್ಲ. ಒಂಬತ್ತು ಗಜದ ಇಳಕಲ್ ಸೀರೆ ನೀರು ಕುಡಿದರೆ ಕಲ್ಲು ಕಟ್ಟಿದಂತೆಯೇ.

ಶುಕ್ರವಾರ ಒಂಬತ್ತಕ್ಕೇ ಗುರುಸಿದ್ದವ್ವನ ಮನೆಗೆ ಹೋದೆ. ಹೇಳಿಬಿಡುವುದೆಂದೇ ಹೋದದ್ದು. ಮಾತನ್ನು ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಪಡಸಾಲೆಯಲ್ಲಿ ಹತ್ತು ಮಂದಿ ಹೆಂಗಸರು. ಮೊರಕ್ಕೆ ಖಣ, ಬಾಳೆಹಣ್ಣು, ಕೊಬ್ಬರಿ ಬಟ್ಟಲು, ಹಸಿರು ಬಳೆ ಜೋಡಿಸುತ್ತಿದ್ದರು. ಹೊಳಬಸಪ್ಪನವರು ಅಂಗಳದಲ್ಲಿ ಯಾರೊಡನೆಯೋ ಜೋರಾಗಿ ಮಾತಾಡುತ್ತಿದ್ದರು. ಗುರುಸಿದ್ದವ್ವ ನನ್ನ ಗದ್ದ ಹಿಡಿದು ಎತ್ತಿ, ಈ ಮಾರಿ ನೋಡಿದ್ರ ಗಂಗವ್ವನ ಹೆದರಿ ಬಾವ್ಯಾಗ ಹೊಕ್ಕಾಳು, ನಗು ಸ್ವಲ್ಪ ಎಂದರು. ಎಲ್ಲರೂ ನಕ್ಕರು. ಜೋಡಿಸಿದ ಮಾತು ಉದುರಿಹೋಯಿತು. ನೀರು ಇಳಿದಿದೆ, ಮುಂದಿನ ವಾರ ಇಟ್ಟುಕೊಂಡರಾಗದೇ ಎಂದಷ್ಟೇ ಕೇಳಿದೆ. ನೀರ ಇಳದ್ರ ಎರಡ ಹೆಜ್ಜಿ ಹೆಚ್ಚ ನಡದ್ರಾತು, ದೇವರ ಕಾಲ ಕೊಟ್ಟಾನಲ್ಲ ಎಂದರು. ಹಾಗಾದರೆ ನಿಮ್ಮ ಬಲಗೈ ನಾನು ಹಿಡಿಯುತ್ತೇನೆ ಎಂದೆ. ಎಂಟಕ್ಕೆ ನಿಲ್ಲಿಸಿಬಿಡುತ್ತೇನೆ, ಕಾಲು ಉಳುಕಿತೆಂದು ಕೂತುಬಿಡುತ್ತೇನೆ, ಏನಾದರೂ ಮಾಡುತ್ತೇನೆ. ಇದು ನನ್ನ ಹೊಸ ಲೆಕ್ಕ.

ಏರಿಯ ಮೇಲೆ ಊರೇ ಇತ್ತು. ದಾನೇಶ್ವರಿ ಮತ್ತು ಸುಗರಾ ಎಲ್ಲರ ಮುಂದೆ ಕಾಲು ಇಳಿಬಿಟ್ಟು ಕೂತಿದ್ದರು. ಕಲ್ಲಿಗೆ ಅರಿಷಿಣ ಕುಂಕುಮ ಆಯಿತು. ಗುರುಸಿದ್ದವ್ವ ತಲೆಯ ಮೇಲೆ ಮೊರ ಹೊತ್ತರು. ಅವರ ಬಲಗೈ ನನ್ನ ಎಡಗೈಯಲ್ಲಿ. ಒರಟು ಕೈ, ಬಿಸಿ ಇತ್ತು. ನನ್ನದು ತಣ್ಣಗಿತ್ತು. ಅವರು ಒಮ್ಮೆ ನನ್ನ ಕಡೆ ನೋಡಿದರು.

ಮಂದಿ ಎಣಿಸತೊಡಗಿತು. ಒಂದು, ಎರಡು, ಮೂರು ಬರೀ ಕೆಸರಿನಲ್ಲಿ. ನಾಲ್ಕಕ್ಕೆ ಪಾದ ಮುಳುಗಿತು. ಐದಕ್ಕೆ ಮೀನಖಂಡ. ನೆಲ ಗಟ್ಟಿಯಿತ್ತು. ಆರಕ್ಕೆ ನೀರು ಮೊಳಕಾಲು ದಾಟಿತು, ನೆಲ ಮೆತ್ತಗಾಯಿತು, ನಾನು ಮೆತ್ತಗಿನ ಹೂಳು ಎಂದುಕೊಂಡೆ. ಏಳು ಎಂದರು. ಕಾಲು ಹಿಂದಿಟ್ಟೆ. ಹಿಮ್ಮಡಿಯ ಕೆಳಗೆ ಒಂದು ಹೆಂಟೆ ಒಡೆದು ಜಾರಿತು. ಅದು ಎಲ್ಲಿಗೋ ಹೋಗಿ ಬಿದ್ದದ್ದು ನೀರಿನೊಳಗಿನಿಂದ ಕಾಲಿಗೆ ತಿಳಿಯಿತು.

ಆಗ ಗೊತ್ತಾಯಿತು. ಗುಂಡಿ ನಾನು ಬಿಟ್ಟಲ್ಲಿ ಇಲ್ಲ. ಗೋಡೆಯಂತೆ ಕಡಿದ ಅಂಚು ಮೂರು ತಿಂಗಳಿಂದ ನೀರಿನಲ್ಲಿ ನೆನೆದು ಒಂದೊಂದೇ ಹೆಂಟೆ ಉದುರಿಸುತ್ತ ಕಲ್ಲಿನ ಕಡೆ ಬಂದಿದೆ. ಮಂಗಳವಾರ ಏಳನೆಯ ಹೆಜ್ಜೆಯಲ್ಲಿ ಆ ಹುಡುಗಿಯರು ನಿಂತಿದ್ದದ್ದು ಇದರ ಅಂಚಿಗೆ.

ಏರಿಯ ಮೇಲೆ ರಾಗದಲ್ಲಿದ್ದ ಮಂದಿ ಎಂಟು ಎಂದುಬಿಟ್ಟಿತು. ನಾನು ಅಲುಗಲಿಲ್ಲ. ಕೈ ಜಗ್ಗಿದ್ದರಿಂದ ಸಾಲು ನಿಂತಿತು.

"ಯಾಕ ನಿಂತಿ? ಸೊಂಟ ಮುಟ್ಟಿಲ್ಲ ಇನ್ನ," ಎಂದರು ಗುರುಸಿದ್ದವ್ವ.

"ಹಿಂದ ಗುಂಡಿ ಐತ್ರಿ."

"ಯಾತರ ಗುಂಡಿ?"

"ನಾ ತೋಡಿಸೇನ್ರಿ. ಎರಡಾಳ ಆಳ ಐತಿ. ಹಿಂದ ಕಾಲ ಇಡಬ್ಯಾಡ್ರಿ ಅವ್ವಾರ."

ಅವರ ಕೈ ಬಿಗಿಯಿತು. ನನ್ನ ಬಳೆ ಎರಡು ಅವರ ಹಿಡಿತದಲ್ಲೇ ಒಡೆದವು. ಬೈಯಲಿಲ್ಲ. ತಲೆಯ ಮೇಲಿನ ಮೊರ ಅಲುಗದಂತೆ ನಿಂತು, ಬರೀ ನಮ್ಮ ಐವರಿಗೆ ಕೇಳುವಂತೆ, ಯಾರೂ ಹಿಂದ ನೋಡಬ್ಯಾಡ್ರಿ, ಕೈ ಬಿಡಬ್ಯಾಡ್ರಿ, ಮುಂದ ಒಂದ ಹೆಜ್ಜಿ ಇಡ್ರಿ ಎಂದರು. ನಾಲ್ವರೂ ಇಟ್ಟರು. ನನ್ನ ಕಾಲು ಬರಲಿಲ್ಲ. ಎತ್ತಲೆಂದು ಒತ್ತಿದ ಕೂಡಲೇ ಕೆಳಗಿನ ನೆಲವೇ ಹೋಯಿತು. ನೀರು ಸೊಂಟಕ್ಕೆ, ಎದೆಗೆ, ಗದ್ದಕ್ಕೆ. ಕಾಲು ಬಡಿದರೆ ಏನೂ ಸಿಗಲಿಲ್ಲ. ಆ ನೀರು ಕೆಳಗೆ ಬಹಳ ತಣ್ಣಗಿತ್ತು. ಬಾಯಿಗೆ ಮಣ್ಣು ಬಂತು. ಗುರುಸಿದ್ದವ್ವ ನನ್ನ ಕಡೆ ತಿರುಗಿ ಬಾಗಿ ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದರು, ಮೊರ ತಲೆಯಿಂದ ಜಾರಿ ನನ್ನ ಹೆಗಲಿಗೆ ಬಡಿದು ನೀರಿಗೆ ಬಿತ್ತು. ಉಳಿದ ಮೂವರು ಅವರ ಸೆರಗು, ಟೊಂಕ ಸಿಕ್ಕಲ್ಲಿ ಹಿಡಿದು ಜಗ್ಗಿದರು. ಹೊಟ್ಟೆಯ ಮೇಲೆ ಎಳೆಸಿಕೊಂಡು ದಂಡೆಗೆ ಬಂದೆ. ಮೊರ ಗುಂಡಿಯ ಮೇಲೆ ನಿಂತು ಸುಮ್ಮನೆ ಒಂದು ಸುತ್ತು ತಿರುಗುತ್ತಿತ್ತು.

ಹೊಳಬಸಪ್ಪನವರು ಕೆಳಗಿಳಿದು ಬಂದರು. ಯಾರು ತೋಡಿಸಿದ್ದು ಎಂದು ಕೇಳಿದರು. ನಾನು ಎಂದೆ. ಮೇಲಿನವರಿಗೂ ಕೇಳುವಂತೆ ಹೇಳು ಎಂದರು. ಕೂತಲ್ಲಿಂದ ಎದ್ದು ನಿಂತು ಮತ್ತೊಮ್ಮೆ ಹೇಳಿದೆ. ಗಾಳೆಪ್ಪನ ಹೆಸರು ನಾನು ಎತ್ತಲಿಲ್ಲ. ಅಷ್ಟರಲ್ಲಿ ಅವನೇ ಎಲ್ಲಿಂದಲೋ ಉದ್ದನೆಯ ಬಿದಿರು ಹೊತ್ತು ಬಂದ, ಯಾರ ಮುಖವನ್ನೂ ನೋಡದೆ ನೀರಿಗಿಳಿದ, ಮೊರ ತಿರುಗುತ್ತಿದ್ದಲ್ಲಿ ಚುಚ್ಚಿದ. ಬಿದಿರು ಹೋಗುತ್ತಲೇ ಹೋಯಿತು. ಅವನ ಮುಷ್ಟಿಯ ಮೇಲೆ ಒಂದು ಗೇಣು ಉಳಿಯಿತು.

ಮೊದಲು ಮಾತಾಡಿದವರು ಜಾಫರಸಾಬರು. ಸುಗರಾಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ನನ್ನ ಹತ್ತಿರ ಬಂದರು.

"ಮಂಗಳವಾರ ನೀವ ಎಳದು ತಂದ್ರಿ ಅಂತ ಆಕಿ ಮನ್ಯಾಗ ಹೇಳಿದ್ಲು. ನಾ ನಿಮ್ಮ ಸಲುವಾಗಿ ದುವಾ ಕೇಳಿದ್ದೆ. ಆವತ್ತ ನಿಮಗ ಇದು ಗೊತ್ತಿತ್ತೇನ್ರಿ?"

ಗೊತ್ತಿತ್ತು ಎಂದೆ.

ಅವರು ತಲೆ ಆಡಿಸಿದರು. ಮಗಳ ಕೈ ಹಿಡಿದು ಏರಿ ಹತ್ತಿ ಹೋದರು. ಎರಡು ಮಾತು ಬೈದಿದ್ದರೆ ಒಳ್ಳೆಯದಿತ್ತು. ದಾನೇಶ್ವರಿ ಕಾಲು ಇಳಿಬಿಟ್ಟು ಕೂತಲ್ಲೇ ಕೂತಿದ್ದಳು, ನನ್ನನ್ನು ಹೊಸಬಳನ್ನು ನೋಡಿದಂತೆ ನೋಡುತ್ತಿದ್ದಳು.

ಗಾಳೆಪ್ಪ ತನ್ನ ಪಾಲನ್ನು ತಾನೇ ಒಪ್ಪಿಕೊಂಡ. ನನಗೂ ಅವನಿಗೂ ಐದು ವರ್ಷ ನೀರಿಲ್ಲ ಎಂದು ಅಲ್ಲೇ ತೀರಿತು. ಅದು ನನಗೆ ಗೊತ್ತೇ ಇತ್ತು. ಹೊಳಬಸಪ್ಪನವರು ಮಾತ್ರ ಅದಾದ ಮೇಲೂ ಅಲ್ಲಿಂದ ಕದಲಲಿಲ್ಲ. ಕಲ್ಲಿನಿಂದ ಏರಿಗೆ, ಏರಿಯಿಂದ ಕಲ್ಲಿಗೆ ನೋಡುತ್ತ ನಿಂತಿದ್ದರು. ಆಮೇಲೆ ನನ್ನನ್ನು ಏರಿಯ ಆಚೆ ಬದಿಗೆ ಕರೆದೊಯ್ದರು. ಹೊರಮಗ್ಗಲಲ್ಲಿ, ಸರಿಯಾಗಿ ಗಂಗವ್ವನ ಕಲ್ಲಿನ ಹಿಂದೆ, ಒಂದು ಹಾಸಿಗೆಯಷ್ಟು ಜಾಗ ಒದ್ದೆಯಾಗಿತ್ತು. ನೀರು ಬೆವರಿನಂತೆ ಒಸರುತ್ತಿತ್ತು. ಅದರ ಕೆಳಗೆ ಇನ್ನೂರು ಮಾರು ದೂರಕ್ಕೆ ನಮ್ಮ ಸಾಲಿ, ಸಾಲಿಯ ಆಚೆ ನಮ್ಮ ಓಣಿ.

"ಹೂಳ ಅನ್ನೋದು ಏರಿ ಬುಡಕ್ಕ ಮೆತ್ತಿದ ಗಿಲಾವ ಇದ್ದಂಗವ್ವಾ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆ. "ಅದನ್ನ ಕಿತ್ತಿ, ಕೆಳಗ ಗರಸ ಬಾಯಿ ತಗದೈತಿ. ನೀರ ಅಲ್ಲಿಂದ ಹೊಕ್ಕು ಇಲ್ಲಿ ಬರಾಕತ್ತೇತಿ. ಇಪ್ಪತ್ತ ಹೆಜ್ಜಿ ಅಂತ ಹಿರೇರು ಯಾಕ ಅಂದಿದ್ರು, ನನಗೂ ಖರೆ ಅಂದ್ರ ಇವತ್ತ ತಿಳೀತು."

ಅಂದೇ ತೂಬನ್ನು ಪೂರ್ತಿ ಎತ್ತಿದರು. ಗುಂಡಿ ಕಣ್ಣಿಗೆ ಬೀಳುವ ತನಕ ಕೆರೆ ಖಾಲಿ ಮಾಡಬೇಕು, ಆಮೇಲೆ ಜಿಗುಟಾದ ಎರಿ ಮಣ್ಣು ಹಾಕಿ ತುಳಿದು ಮುಚ್ಚಬೇಕು. ತೂಬು ಚಿಕ್ಕದು, ಮೇಲಿನಿಂದ ನೀರು ಇನ್ನೂ ಬಂದು ಸೇರುತ್ತಿದೆ, ಹನ್ನೆರಡು ದಿನ ಬೇಕಂತೆ. ಹಿಂಗಾರಿಯ ನೀರೆಲ್ಲ, ಇಡೀ ಊರಿನದು, ಹಳ್ಳಕ್ಕೆ ಹೋಗುತ್ತಿದೆ. ಹೊರಗಿನ ಒದ್ದೆ ಜಾಗಕ್ಕೆ ಉಸುಕಿನ ಚೀಲ ಒಟ್ಟಿದ್ದಾರೆ. ಗುಂಡಿಯ ಈಚೆ ಅಂಚಿಗೆ ಐದು ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದಾರೆ. ಗಂಗವ್ವನ ಮುಂದೆ ಗೂಟ ನೆಟ್ಟರೆಂದು ಈ ಸಲ ಯಾರೂ ಬೈಯಲಿಲ್ಲ.

ಗುರುಸಿದ್ದವ್ವ ನನಗೆ ಒಂದು ಕೆಲಸ ಹಚ್ಚಿದ್ದಾರೆ. ಸಾಲಿ ಬಿಡುವ ಹೊತ್ತಿನಿಂದ ಕತ್ತಲಾಗುವ ತನಕ ನಾನು ಕಲ್ಲಿನ ಹತ್ತಿರ ನಿಲ್ಲಬೇಕು. ಒಂದು ಮಗು, ಒಂದು ಆಡು ಆ ಕಡೆ ಹೋಗಬಾರದು. ಹೊರಮಗ್ಗಲಿಗೆ ಬರುವ ನೀರು ತಿಳಿಯಾಗಿದೆಯೋ ರಾಡಿಯಾಗಿದೆಯೋ ತಾಸಿಗೊಮ್ಮೆ ನೋಡಬೇಕು. ತಿಳಿ ಇದ್ದರೆ ಬರೀ ಒಸರು. ರಾಡಿ ಬಂದರೆ ಏರಿಯ ಮಣ್ಣೇ ಹೊರಡತೊಡಗಿದೆ ಎಂದರ್ಥ. ಆಗ ಹಲಗಿ ಬಡಿಯಬೇಕು. ಹಲಗಿಯನ್ನು ಕಲ್ಲಿನ ಪಕ್ಕದಲ್ಲೇ ಇಟ್ಟಿದ್ದಾರೆ. ರಾತ್ರಿಯ ಪಾಳಿ ಗಂಡಸರದು, ಗಾಳೆಪ್ಪ ಒಂದು ರಾತ್ರಿಯೂ ತಪ್ಪಿಸಿಲ್ಲ. ನಾಗಲಿಂಗ ರವಿವಾರ ಬಂದವರು ಎಲ್ಲ ಕೇಳಿ, ಮಗ್ಗಕ್ಕೆ ರಜೆ ಹೇಳಿ ಅವನ ಜೊತೆ ಕೂತಿದ್ದಾರೆ. ನನ್ನೊಡನೆ ಇನ್ನೂ ಮಾತಾಡಿಲ್ಲ.

ಇವತ್ತಿಗೆ ಐದನೆಯ ದಿನ. ಸಾಲಿಯ ಕೆಲಸ ಮುಗಿಸಿ, ಕಾಲು ಎಳೆಯುತ್ತ ಬಂದು ನಿಂತೆ. ಬಿದಿರುಗಳಲ್ಲಿ ಎರಡು ಗುಂಡಿಯ ಕಡೆ ವಾಲಿದ್ದವು. ಕಲ್ಲಿನಿಂದ ಗುಂಡಿಯ ಅಂಚಿನ ತನಕ ಹೆಜ್ಜೆ ಹಾಕಿ ಅಳೆದೆ. ನಿನ್ನೆ ಆರಿತ್ತು. ಇವತ್ತು ಐದೂವರೆ. ಬಿದಿರುಗಳನ್ನು ಕಿತ್ತು ಈಚೆಗೆ ನೆಟ್ಟು, ಏರಿ ಹತ್ತಿ ಆಚೆ ಇಳಿದೆ. ಚೀಲಗಳ ಸಂದಿಯಿಂದ ಬರುವ ನೀರನ್ನು ಬೊಗಸೆಯಲ್ಲಿ ಹಿಡಿದು ಬೆಳಕಿಗೆ ಎತ್ತಿದೆ. ತಿಳಿಯಾಗಿಯೇ ಇತ್ತು. ಮತ್ತೊಮ್ಮೆ ಹಿಡಿದೆ. ಕೆಳಗೆ ಓಣಿಯಲ್ಲಿ ದೀಪ ಹತ್ತುತ್ತಿದ್ದವು. ನಮ್ಮ ಮನೆಯದೂ ಹತ್ತಿತು, ದಾನೇಶ್ವರಿ ಹಚ್ಚಿರಬೇಕು. ಮೂರನೆಯ ಸಲ ಹಿಡಿದಾಗ ಕತ್ತಲೆಗೆ ನೀರಿನ ಬಣ್ಣ ಕಾಣಲಿಲ್ಲ. ನಾಲಿಗೆಗೆ ಹಚ್ಚಿ, ಮಣ್ಣು ಹತ್ತುತ್ತದೆಯೋ ಏನೋ ಎಂದು ಹಲ್ಲಿನಲ್ಲಿ ಕಡಿಯುತ್ತ ನಿಂತೆ.